ಕೌದಿಯೊಳಗಿನ ಬಂಗಡೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮಿಂಚುಹುಳುವನ್ನು ಕಣ್ಣಾರೆ ನೋಡಿದವಳಲ್ಲ. ಇದೇನು ಮಹಾ ಅಪರಾಧವೇ ಎಂದು ನೀವು ಕೇಳಬಹುದು. ಅಪರಾಧವಲ್ಲ. ಆದರೆ ಪುಣೆಯ ಧನಕವಡಿಯಲ್ಲಿ ಹದಿನೆಂಟು ಮಕ್ಕಳ ಎದುರು ಕುಳಿತು, ಚಿಕ್ಕಂದಿನಲ್ಲಿ ಮಿಂಚುಹುಳುಗಳನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟು ಆ ಬೆಳಕಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ ಎಂದು ಹೇಳಿದವಳೂ ನಾನೇ. ಹುಳುಗಳಿಗೆ ಗಾಳಿಯಾಡಲಿ ಎಂದು ಬಾಟಲಿಯ ಬಿರಡೆಗೆ ತೂತು ಕೊರೆದಿದ್ದೆ ಎಂಬ ವಿವರವನ್ನೂ ಸೇರಿಸಿದ್ದೆ. ಸುಳ್ಳಿಗೆ ಇಂಥ ಒಂದೆರಡು ವಿವರ ಬೇಕೇ ಬೇಕು, ಇಲ್ಲದಿದ್ದರೆ ಅದು ಬದುಕುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಾಪುರದ ಕಡೆಯ ಬಯಲುಸೀಮೆಯಲ್ಲಿ. ಅಲ್ಲಿ ಮಿಂಚುಹುಳು ಇರಲೇ ಇಲ್ಲ ಎಂದು ಆಣೆ ಮಾಡಲಾರೆ. ದೀಪ ಹಚ್ಚುವ ಹೊತ್ತಾದ ಮೇಲೆ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ, ಬಿಟ್ಟಿದ್ದರೂ ನಾನು ಹೋಗುತ್ತಿರಲಿಲ್ಲ, ಏಕೆಂದರೆ ಕತ್ತಲೆಯೆಂದರೆ ನನಗೆ ಜೀವ ಹೋಗುತ್ತಿತ್ತು. ನನ್ನ ಬಾಲ್ಯದ ಕತ್ತಲೆಯಲ್ಲಿ ಹೊಳೆದದ್ದು ಎರಡೇ, ಒಂದು ಬೆಕ್ಕಿನ ಕಣ್ಣು, ಇನ್ನೊಂದು ಕಟ್ಟೆಯ ಮೇಲೆ ಕೂತವರ ಬೀಡಿ. ಬೀಡಿಯ ಬೆಳಕಿನಲ್ಲಿ ಓದಿದೆ ಎಂದು ಮಕ್ಕಳಿಗೆ ಹೇಳಲಾಗುತ್ತದೆಯೇ? ಹಾಗಾಗಿ ಮಿಂಚುಹುಳುವನ್ನು ಸಾಲ ತಂದೆ.

ಈ ಮಕ್ಕಳು ಎಲ್ಲಿಂದ ಬಂದರು ಎಂಬುದನ್ನು ಹೇಳಬೇಕು. ನಮ್ಮನೆಯವರಿಗೆ ಹಡಪಸರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರ ಕೆಲಸ ಸಿಕ್ಕಿ ನಾವು ಪುಣೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಮಗ ಜಗಳವನ್ನೂ ಮರಾಠಿಯಲ್ಲೇ ಆಡತೊಡಗಿದ. ಊಟ ಬೇಡುವ ಭಾಷೆ ಬದಲಾದರೆ ತಡೆದುಕೊಳ್ಳಬಹುದು, ಆದರೆ ಬೈಯುವ ಭಾಷೆ ಬದಲಾದರೆ ಮನೆತನವೇ ಕೈಬಿಟ್ಟಂತೆ. ಗಾಬರಿಬಿದ್ದು ಭಾನುವಾರಕ್ಕೊಂದು ಕನ್ನಡ ತರಗತಿ ಶುರುಮಾಡಿದೆ. ಜಾಗ, ನಮ್ಮ ಕಟ್ಟಡದ ಕೆಳಗೆ ಸ್ಕೂಟರುಗಳನ್ನು ನಿಲ್ಲಿಸುವ ಪಾರ್ಕಿಂಗು. ಮಹಡಿಗಳಿಂದ ಗುಮಾಸ್ತರ, ಅಂಗಡಿಯವರ ಮಕ್ಕಳು ಇಳಿದು ಬರುತ್ತಿದ್ದರು. ಹಿಂದುಗಡೆ ಹೊಸ ಕಟ್ಟಡ ಏಳುತ್ತಿದ್ದಲ್ಲಿಂದ, ತಗಡಿನ ಶೆಡ್ಡುಗಳಿಂದ, ಯಾದಗಿರಿ ಕಡೆಯ ಕೂಲಿಯವರ ಮಕ್ಕಳು ಬರುತ್ತಿದ್ದರು. ಎಲ್ಲರೂ ನನ್ನನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಬಿ.ಎ. ಕೂಡ ಮುಗಿಸದವಳಿಗೆ ಅಷ್ಟು ದೊಡ್ಡ ಪದವಿ ಸಿಕ್ಕರೆ ತಲೆ ತಿರುಗದೆ ಇರುತ್ತದೆಯೇ? ತಿರುಗಿತು.

ಕಾಗುಣಿತ ಕಲಿಸುತ್ತೇನೆ ಎಂದರೆ ಭಾನುವಾರ ಬೆಳಿಗ್ಗೆ ಯಾವ ಮಗುವೂ ಬರುವುದಿಲ್ಲ. ಕೌತುಕ ಹೇಳುತ್ತೇನೆ ಎಂದರೆ ಹಲ್ಲುಜ್ಜದೆಯೂ ಬರುತ್ತಾರೆ. ಹಾಗಾಗಿ ವಾರಕ್ಕೊಂದು ಕೌತುಕ, ಅದರ ಬಾಲಕ್ಕೆ ಒತ್ತಕ್ಷರ. ಆ ಭಾನುವಾರದ ಕೌತುಕ ತಾವೇ ಬೆಳಗುವ ಜೀವಿಗಳು. ಹಲಗೆಯ ಮೇಲೆ ‘ಜೀವದೀಪ್ತಿ’ ಎಂದು ದೊಡ್ಡದಾಗಿ ಬರೆದು, ಕಡಲಿನ ತಳದಲ್ಲಿ ಹಣೆಯ ಮೇಲೆ ಕಂದೀಲು ತೂಗಿಸಿಕೊಂಡು ಓಡಾಡುವ ಮೀನಿನಿಂದ ಶುರುಮಾಡಿದೆ. ಮಳೆಗಾಲದ ಕಾಡಿನಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಹಸಿರಾಗಿ ಹೊಳೆಯುವ ಅಣಬೆಗೆ ಬಂದೆ. ಕೊನೆಗೆ ಮಿಂಚುಹುಳು, ಅದರ ಹಿಂದೆಯೇ ನನ್ನ ಬಾಟಲಿ.

ಮಿಂಚುಹುಳುವಿನ ವಿಷಯದಲ್ಲಿ ನಮ್ಮ ಹಳೆಯ ಪಂಡಿತರು ಒಂದು ತಮಾಷೆ ಮಾಡಿದ್ದಾರೆ. ಅದಕ್ಕೆ ಅವರು ಇಟ್ಟ ಹೆಸರು ಖದ್ಯೋತ, ಎಂದರೆ ಆಕಾಶವನ್ನು ಬೆಳಗುವುದು. ಅಕ್ಕಿಕಾಳಿನಷ್ಟು ಹುಳುವಿಗೆ ಇಷ್ಟು ದೊಡ್ಡ ಹೆಸರು ಕೊಟ್ಟು, ಆಮೇಲೆ ಅದೇ ಹೆಸರನ್ನು ಅರೆಬೆಂದ ವಿದ್ವಾಂಸರನ್ನು ಹೀಯಾಳಿಸಲು ಬಳಸಿದರು. ಸೂರ್ಯನ ಮುಂದೆ ಖದ್ಯೋತ ಹಾರಿದ ಹಾಗೆ, ಎಂದು. ನನಗೇನೋ ಇದು ಅನ್ಯಾಯ ಅನ್ನಿಸುತ್ತದೆ. ಸೂರ್ಯ ಉರಿದು ಬೆಳಗುತ್ತಾನೆ, ನಮ್ಮ ಬಲ್ಬು ಕಾದು ಬೆಳಗುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಹುಳುವಿನ ಬೆಳಕು ಮಾತ್ರ ತಣ್ಣಗಿರುತ್ತದೆ. ಉಂಡ ಅನ್ನವನ್ನು ಮೈಯಲ್ಲೇ ಬೆಳಕು ಮಾಡುವ ವಿದ್ಯೆ ಅದು, ಅದರಲ್ಲಿ ಬಿಸಿಯಾಗಿ ಪೋಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ನಾವೂ ದಿನಕ್ಕೆರಡು ಹೊತ್ತು ಉಣ್ಣುತ್ತೇವೆ, ಅದೆಲ್ಲ ಎಲ್ಲಿ ಹೋಗುತ್ತದೆ ಎಂದು ನಮ್ಮ ಸೊಂಟ ನೋಡಿದರೆ ತಿಳಿಯುತ್ತದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಹಡಿಯ ಹುಡುಗರು ರೇಡಿಯಂ, ರೇಡಿಯಂ ಎಂದು ಕೂಗಿದರು. ಆ ಕಾಲದಲ್ಲಿ ಕತ್ತಲೆಯಲ್ಲಿ ಹೊಳೆಯುವುದೆಲ್ಲ ರೇಡಿಯಮ್ಮೇ ಆಗಿತ್ತು. ರಿಕ್ಷಾದ ಹಿಂದೆ ಅಂಟಿಸಿದ ದೇವರ ಹೆಸರು, ಗಡಿಯಾರದ ಮುಳ್ಳು, ಮಲಗುವ ಕೋಣೆಯ ಛಾವಣಿಗೆ ಹಚ್ಚಿದ ಪ್ಲಾಸ್ಟಿಕ್ ನಕ್ಷತ್ರ, ಎಲ್ಲಕ್ಕೂ ಒಂದೇ ಹೆಸರು. ನಕ್ಷತ್ರದ್ದು ಕಡ ತಂದ ಬೆಳಕು, ಮೊದಲು ಬಲ್ಬಿನ ಎದುರು ಹಿಡಿಯಬೇಕು, ಹುಳು ಹಾಗಲ್ಲ, ಅದು ತನ್ನದನ್ನೇ ಖರ್ಚು ಮಾಡುತ್ತದೆ ಎಂದು ಬಿಡಿಸಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಆಗ ಹಿಂದಿನ ಸಾಲಿನಿಂದ ಮಾನಮ್ಮ ಎದ್ದಳು.

ಮಾನಮ್ಮ ಹನ್ನೊಂದು ವರ್ಷದ ಹುಡುಗಿ. ಅವಳವ್ವ ಭೀಮಮ್ಮ ಹಿಂದಿನ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ವಾರವೆಲ್ಲ ಮರಾಠಿ ಶಾಲೆ, ಭಾನುವಾರ ನನ್ನ ಪಾರ್ಕಿಂಗು. ಇಡೀ ತರಗತಿಯಲ್ಲಿ ತಡವರಿಸದೆ ಕನ್ನಡ ಓದುತ್ತಿದ್ದವಳು ಅವಳೊಬ್ಬಳೇ. ಶೆಡ್ಡಿನ ಇನ್ನೈದು ಮಕ್ಕಳನ್ನು ಕೈಹಿಡಿದು ಕರೆತರುತ್ತಿದ್ದವಳೂ ಅವಳೇ. ಅವಳು ಎದ್ದು ನಿಂತು, ಬಹಳ ಸಮಾಧಾನದಿಂದ ಹೇಳಿದಳು:

“ಅಕ್ಕೋರ, ನಮ್ಮ ಮನ್ಯಾಗ ಮೀನ ಬೆಳಗ್ತಾವ್ರಿ. ಕರೆಂಟ್ ಹೋದಾಗ ಗಡಗ್ಯಾಗ ಕಾಣ್ತಾವ.”

ಮಕ್ಕಳು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಕಡಲಿನ ತಳದಲ್ಲಿ ಬದುಕಿ ಈಜಾಡುವ ಮೀನಿಗೆ ಬೆಳಕು ಇರುತ್ತದೆ ಎಂದರೆ, ಪುಣೆಯ ಶೆಡ್ಡಿನಲ್ಲಿ ಗಡಿಗೆಯೊಳಗೆ ಸತ್ತು ಮಲಗಿದ ಮೀನಿಗೂ ಇರುತ್ತದೆಯೇ? ಇಲ್ಲಿ ನನ್ನ ಅರ್ಹತೆಯನ್ನೂ ಹೇಳಬೇಕು. ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆ. ಅಲ್ಲಿಯವರೆಗೆ ನಾನು ಮೀನನ್ನು ಹತ್ತಿರದಿಂದ ನೋಡಿದ್ದು ಅಕ್ಷರಮಾಲೆಯ ಪಟದಲ್ಲಿ, ‘ಮೀ’ ಅಕ್ಷರದ ಪಕ್ಕದಲ್ಲಿ. ಆ ಪಟದ ಮೀನು ಹೊಳೆಯುತ್ತಿರಲಿಲ್ಲ.

ಹಾಗೆಲ್ಲ ಇರುವುದಿಲ್ಲ ಎಂದೆ. ಅದ ರೀ ಎಂದಳು. ಸುಳ್ಳು ಹೇಳಬಾರದು ಎಂದೆ. ಖರೇನ ಅದ ರೀ ಎಂದಳು. ಅಕ್ಕೋರು ಎಂಬ ಪದವಿ ಆಗ ನನ್ನ ನೆತ್ತಿಗೇರಿತು. ‘ನಾನು ಸುಳ್ಳು ಹೇಳುವುದಿಲ್ಲ’ ಎಂದು ಹತ್ತು ಸಲ ಬರೆದು ತೋರಿಸು ಎಂದು ಶಿಕ್ಷೆ ಕೊಟ್ಟೆ. ಗಾಳಿಯಾಡುವ ತೂತಿನ ಬಾಟಲಿಯ ಕಥೆ ಹೇಳಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ. ತಾನು ಕಳ್ಳ, ಪರರ ನಂಬ ಎಂಬ ಗಾದೆಯನ್ನು ನಮ್ಮ ಹಿರಿಯರು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು.

ಮಾನಮ್ಮ ಅಳಲಿಲ್ಲ. ನೋಟುಬುಕ್ಕು ತೆರೆದು, ಒಂದು ಹೊಸ ಪುಟದ ಎದುರು ತರಗತಿ ಮುಗಿಯುವವರೆಗೂ ಸುಮ್ಮನೆ ಕುಳಿತಳು. ಒಂದಕ್ಷರ ಬರೆಯಲಿಲ್ಲ. ಆಮೇಲೆ ನೋಟುಬುಕ್ಕು ಮುಚ್ಚಿ, ಐದೂ ಮಕ್ಕಳನ್ನು ಎಬ್ಬಿಸಿಕೊಂಡು ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಪಾರ್ಕಿಂಗಿನಲ್ಲಿ ಸ್ಕೂಟರುಗಳು ಹೆಚ್ಚಾದವು, ಮಕ್ಕಳು ಕಡಿಮೆಯಾದರು. ಉಳಿದವರು ಓದುವಾಗ ‘ಸಮುದ್ರ’ ಎಂಬಲ್ಲಿ ಎಡವಿ ಬೀಳುತ್ತಿದ್ದರು, ಎತ್ತಿ ನಿಲ್ಲಿಸಲು ಹಿಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ.

ಮೊದಲು ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ಸಣ್ಣ ಹುಡುಗಿಗೆ ಇಷ್ಟು ಸೊಕ್ಕೇ ಎಂದುಕೊಂಡೆ. ಅವಳು ಹೇಳಿದ್ದು ಸುಳ್ಳೆಂದು ಅಚ್ಚಿನಲ್ಲಿ ತೋರಿಸಿಬಿಡೋಣ ಎಂದು ಊರೊಳಗಿನ ಒಂದು ವಾಚನಾಲಯಕ್ಕೆ ಹೋದೆ. ಅಲ್ಲಿ ದಪ್ಪನೆಯ ಹಳೆಯ ವಿಜ್ಞಾನದ ಪುಸ್ತಕವೊಂದು ಸಿಕ್ಕಿತು. ಬೆಳಕಿನ ಜೀವಿಗಳ ಅಧ್ಯಾಯದ ಕೊನೆಗೆ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಹೀಗೆಂದಿತ್ತು: ಪೇಟೆಗೆ ಬರುವ ಕಡಲಿನ ಮೀನುಗಳ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿರುತ್ತವೆ, ಮೀನು ಸತ್ತ ಮೇಲೂ ಅವು ಬದುಕಿ ಬೆಳೆಯುತ್ತವೆ, ತಂಪಾದ ಜಾಗದಲ್ಲಿ ಒಂದೆರಡು ದಿನ ಇಟ್ಟ ಮೀನು ಕತ್ತಲೆಯಲ್ಲಿ ಹೊಳೆಯುವುದು ಹೊಸದೇನಲ್ಲ. ಎಲ್ಲಾದರೂ ಅಚ್ಚಿನ ತಪ್ಪಿರಬಹುದೇ ಎಂಬ ಆಸೆಯಿಂದ ಮೂರು ಸಲ ಓದಿದೆ. ತಪ್ಪಿರಲಿಲ್ಲ. ಆಗ ಮಾತ್ರ, ಸುಳ್ಳು ಹೇಳದ ಹುಡುಗಿಗೆ ಸುಳ್ಳುಗಾತಿಯ ಪಟ್ಟ ಕಟ್ಟಿದ್ದೆನಲ್ಲ ಎಂದು ಬಹಳ ನಾಚಿಕೆಯಾಯಿತು.

ಮರುದಿನ ಸಂಜೆ ಅವರ ಶೆಡ್ಡಿಗೆ ಹೋದೆ. ಭೀಮಮ್ಮ ಗೋಣಿಚೀಲ ಹಾಸಿ ಕೂಡಿಸಿ ಚಹಾ ಕೊಟ್ಟಳು. ಮಗಳು ಯಾಕೆ ಬರುತ್ತಿಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ, ಓದುವುದು ಮುಗಿದಿರಬೇಕು ಅಂದುಕೊಂಡಿದ್ದಳಂತೆ. ಮಾನಮ್ಮ ಬಾಗಿಲ ಬಳಿ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ನೀನು ಹೇಳಿದ್ದು ಖರೆ ಅಂತ ಪುಸ್ತಕದಲ್ಲಿದೆ, ಬಾ ಮತ್ತೆ ಎಂದೆ. ಇಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತ ಕೇಳಿದಳು:

“ಪುಸ್ತಕದಾಗ ಇದ್ರ ಖರೆ, ನಾ ಹೇಳಿದ್ರ ಸುಳ್ಳೇನ್ರಿ?”

ನಾನು ಚಹಾ ಕುಡಿದೆ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದೆ. ಕೊನೆಗೆ ಅವಳು ಕರಾರು ಹಾಕಿದಳು. ಅಕ್ಕೋರು ತಮ್ಮ ಕಣ್ಣಿಂದ ನೋಡಬೇಕು, ನೋಡಿ ಎಲ್ಲ ಮಕ್ಕಳ ಎದುರು ಹೇಳಬೇಕು, ಆಮೇಲೆ ತಾನು ಬರುತ್ತೇನೆ, ಐದೂ ಮಂದಿಯನ್ನು ಕರಕೊಂಡೇ ಬರುತ್ತೇನೆ. ಅಲ್ಲಿಯವರೆಗೆ ಇಲ್ಲ.

ಆಗಲಿ ಎಂದು ಎದ್ದು ಬಂದೆ. ದಾರಿಯಲ್ಲಿ ಅರಿವಾಯಿತು, ನೋಡಬೇಕಾದರೆ ಮೀನು ಬೇಕು. ಅದೂ ಧನುರ್ಮಾಸದಲ್ಲಿ. ಮನೆಯಲ್ಲಿ ನಮ್ಮ ಅತ್ತೆ ಬೆಳಗಿನ ಜಾವಕ್ಕೆದ್ದು ಮಡಿಯುಟ್ಟು ಹುಗ್ಗಿ ಬೇಯಿಸಿ ನೈವೇದ್ಯ ಮಾಡುವ ತಿಂಗಳು. ಆ ಮನೆಗೆ ಬಂಗಡೆ ಮೀನನ್ನು ಒಯ್ಯುವುದೆಂದರೆ ಬಾಂಬು ಒಯ್ಯುವುದೇ ಸುಲಭ, ಬಾಂಬಿಗೆ ವಾಸನೆ ಇರುವುದಿಲ್ಲ.

ಆದರೂ ಹೋದೆ. ಪರಿಚಯದವರು ಕಾಣಬಾರದೆಂದು ಎರಡು ಬಸ್ಸು ಬದಲಿಸಿ ದೂರದ ಮೀನು ಪೇಟೆಗೆ ಹೋದೆ. ತಲೆಯ ಮೇಲೆ ಸೆರಗು, ಚೀಲದಲ್ಲಿ ಮುಚ್ಚಳದ ಸ್ಟೀಲಿನ ಡಬ್ಬಿ. ಅಲ್ಲಿ ಕೂತಿದ್ದ ಮರಾಠಿ ಹೆಂಗಸನ್ನು ಹೇಗೆ ಮಾತಾಡಿಸುವುದೆಂದು ತಿಳಿಯದೆ ಬದನೆಕಾಯಿ ಆರಿಸುವವಳಂತೆ ಒಂದೊಂದನ್ನೇ ಬೆರಳಿನಿಂದ ಒತ್ತಿದೆ. ತಾಜಾ ಇದೆ ತಾಯಿ, ಇವತ್ತೇ ಮುಂಬಯಿಯಿಂದ ಬಂದದ್ದು ಎಂದಳು. ತಾಜಾ ಬೇಡ, ಸ್ವಲ್ಪ ಹಳೆಯದು ಇದ್ದರೆ ಕೊಡು ಎಂದೆ. ಅವಳು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ಅಂಗಡಿಯಲ್ಲಿ ಹಳೆಯ ಮಾಲು ಇರುತ್ತದೆ ಎಂದು ನಿನಗೆ ಯಾರು ಹೇಳಿದರು, ಅವರ ಹೆಸರು ಹೇಳು ಎಂದು ಪಟ್ಟು ಹಿಡಿದಳು. ಅಕ್ಕಪಕ್ಕದವರು ಸೇರಿದರು. ಕೊನೆಗೆ ಅವಳು ಕೊಟ್ಟ ಎರಡು ಬಂಗಡೆಗಳನ್ನು ಚೌಕಾಸಿ ಮಾಡದೆ ಡಬ್ಬಿಗೆ ಹಾಕಿಕೊಂಡು ಓಡಿಬಂದೆ. ಪುಣೆಯಲ್ಲಿ ನಾನು ಚೌಕಾಸಿ ಮಾಡದೆ ಕೊಂಡ ಒಂದೇ ಸಾಮಾನು ಅದು.

ಮನೆಯಲ್ಲಿ ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮೀನನ್ನು ತೊಳೆದೆ. ನಮ್ಮಲ್ಲಿ ತರಕಾರಿ ತಂದರೆ ತೊಳೆಯದೆ ಒಳಗಿಡುವ ಪದ್ಧತಿಯಿಲ್ಲ, ಇದನ್ನಂತೂ ಬಿಡಲಾಗುತ್ತದೆಯೇ? ನಲ್ಲಿಯ ಕೆಳಗೆ ಹಿಡಿದು ಐದು ನೀರು ತೊಳೆದೆ. ಆಮೇಲೂ ಮನಸ್ಸು ಒಪ್ಪದೆ ಅರಿಶಿನ ಹಚ್ಚಿ ಆರನೆಯ ನೀರು ತೊಳೆದೆ. ಕೆಲವು ಮನೆಗಳಲ್ಲಿ ಮದುಮಗಳಿಗೂ ಅಷ್ಟು ಎರೆಯುವುದಿಲ್ಲ. ಡಬ್ಬಿಯನ್ನು ಒಂದು ದಿನ ಬಾಲ್ಕನಿಯ ತಂಪಿನಲ್ಲಿ, ತುಳಸಿಯಿಂದ ಸಾಧ್ಯವಾದಷ್ಟು ದೂರದಲ್ಲಿ ಇಟ್ಟೆ. ಮರುದಿನ ಮಧ್ಯಾಹ್ನ ಕಿಟಕಿ ಮುಚ್ಚಿ, ನಮ್ಮೂರಿನಿಂದ ತಂದ ದಪ್ಪನೆಯ ಕೌದಿ ಹೊದ್ದು, ಅದರೊಳಗೆ ಡಬ್ಬಿಯ ಮುಚ್ಚಳ ತೆಗೆದು ಕಣ್ಣರಳಿಸಿ ಕುಳಿತೆ. ಹಳೆಯ ಸೀರೆಗಳನ್ನು ಹತ್ತಾರು ಪದರ ಸೇರಿಸಿ ಹೊಲಿದ ಕೌದಿ, ಒಳಗೆ ಕಾಡಿಗೆಯಂಥ ಕತ್ತಲೆ. ಒಂದು ಗಳಿಗೆ, ಎರಡು ಗಳಿಗೆ. ಬೆಳಕಿಲ್ಲ. ವಾಸನೆ ಮಾತ್ರ ಧಾರಾಳವಾಗಿತ್ತು.

ಆಗ ಅತ್ತೆ ಎದ್ದು ಬಂದರು. ಹಗಲಲ್ಲಿ ತಲೆತನಕ ಕೌದಿ ಹೊದ್ದು ಕುಕ್ಕರಗಾಲಿನಲ್ಲಿ ಕೂತ ಸೊಸೆಯನ್ನು ಕಂಡು ಚಳಿಜ್ವರವೆಂದೇ ತಿಳಿದರು. ಒಳಗಿನಿಂದಲೇ ಹೂಂ ಎಂದೆ. ಶುಂಠಿ, ಮೆಣಸು ಕುಟ್ಟಿ ಕಷಾಯ ಮಾಡಿ ತಂದು, ಕೌದಿಯ ಅಂಚಿನಿಂದ ಲೋಟ ಒಳಗೆ ತೂರಿಸಿದರು. ಒಂದು ಕೈಯಲ್ಲಿ ಬಂಗಡೆ, ಒಂದು ಕೈಯಲ್ಲಿ ಕಷಾಯ, ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈಯಿಲ್ಲ. ಸುಳ್ಳು ಜ್ವರಕ್ಕೆ ಖರೆ ಕಷಾಯ ಕುಡಿದೆ. ಆಮೇಲೆ ಎರಡು ದಿನ ಅವರು ಮೂಸುತ್ತ ಮೂಸುತ್ತ ಇಲಿ ಹುಡುಕುತ್ತಿದ್ದರು.

ಡಬ್ಬಿ ಹೊತ್ತು ಮತ್ತೆ ಭೀಮಮ್ಮನ ಶೆಡ್ಡಿಗೆ ಹೋದೆ. ಮೀನು ಬೆಳಗಲಿಲ್ಲ ಎಂದೆ. ಅವಳು ಡಬ್ಬಿ ತೆಗೆದು ನೋಡಿದಳು, ಹಳದಿಯಾಗಿ ಫಳಫಳ ತೊಳೆದ ಎರಡು ಬಂಗಡೆಗಳನ್ನು ಕಂಡು ಸೆರಗು ಬಾಯಿಗೆ ಹಿಡಿದಳು. ಮಗಳ ಎದುರು ಅಕ್ಕೋರನ್ನು ನೋಡಿ ನಗಬಾರದೆಂಬ ಮರ್ಯಾದೆ ಅವಳಿಗಿತ್ತು.

“ತೊಳದ್ರ ಬೆಳಕ ಹೋಗ್ತದ್ರಿ ಅಕ್ಕೋರ,” ಎಂದಳು. “ಸಮುದ್ರದ್ದು ಅದು. ಉಪ್ಪಿನ ನೀರಾಗ ಇದ್ರ ಇರ್ತದ, ಸಪ್ಪನ ನೀರ ಬಿದ್ರ ಆರ್ತದ. ಅದಕ್ಕs ನಾವು ತೊಳದು ಸಾರು ಮಾಡ್ತೀವಿ.”

ಶನಿವಾರ ಸಂಜೆ ಪೇಟೆ ಮುಚ್ಚುವ ಹೊತ್ತಿಗೆ ಉಳಿದ ಮೀನು ಅಗ್ಗಕ್ಕೆ ಸಿಗುತ್ತದಂತೆ. ಅದನ್ನು ತಂದು ಉಪ್ಪುನೀರು ಹಾಕಿ ಗಡಿಗೆಯಲ್ಲಿ ಇಡುತ್ತಾರೆ, ಅಡುಗೆ ಮಾರನೆಯ ದಿನ. ದಪ್ಪ ಪುಸ್ತಕ ಹೇಳದೆ ಬಿಟ್ಟದ್ದು ಇದು. ಆ ಸೂಕ್ಷ್ಮಜೀವಿಗಳು ಕಡಲಿನವು, ಉಪ್ಪಿಲ್ಲದ ನೀರು ತಗುಲಿದರೆ ಒಡೆದು ಸಾಯುತ್ತವೆ. ಶುದ್ಧಿ ಮಾಡುತ್ತೇನೆಂದು ಹೊರಟು ನಾನು ಆರು ಸಲ ಕೊಂದಿದ್ದೆ, ಮೇಲೆ ಅರಿಶಿನ ಬೇರೆ. ಹಾಗೆ ನೋಡಿದರೆ ಆ ಹುಡುಗಿಗೂ ಆ ಭಾನುವಾರ ನಾನು ಮಾಡಿದ್ದು ಇದನ್ನೇ. ಅವಳು ತಂದದ್ದನ್ನು ನೋಡುವ ಮೊದಲೇ ತೊಳೆದು ಇಟ್ಟಿದ್ದೆ.

ಆಗ ಮಾನಮ್ಮ ಮುಂದೆ ಬಂದು, ಈ ಭಾನುವಾರ ನಾನೇ ತರುತ್ತೇನೆ ಎಂದಳು. ಎಲ್ಲರ ಎದುರು. ಎಲ್ಲ ಮೀನು ಬೆಳಗುವುದಿಲ್ಲ ಎಂದು ಆ ಪುಸ್ತಕದಲ್ಲೇ ಇತ್ತು. ಬೆಳಗದಿದ್ದರೆ ಹುಡುಗರು ಇನ್ನೊಮ್ಮೆ ನಗುತ್ತಾರೆ, ಇನ್ನೊಮ್ಮೆ ನಕ್ಕರೆ ಈ ಹುಡುಗಿ ಕನ್ನಡದ ಕಡೆ ತಲೆಹಾಕಿಯೂ ಮಲಗುವುದಿಲ್ಲ. ಮೊದಲು ನಾವಿಬ್ಬರೇ ನೋಡೋಣ ಎಂದೆ. ಅವಳು ಒಪ್ಪಲಿಲ್ಲ. ನಗಾಡಿದ್ದು ಎಲ್ಲರೂ ತಾನೇ ಎಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾನಮ್ಮ ಬಂದಳು. ಹಿಂದೆ ಐದು ಮಕ್ಕಳು, ಸೊಂಟದ ಮೇಲೆ ಬಟ್ಟೆ ಕಟ್ಟಿದ ಗಡಿಗೆ. ಹಗಲಲ್ಲಿ ಕತ್ತಲೆ ಎಲ್ಲಿಂದ ತರುವುದು? ನಮ್ಮ ಕಟ್ಟಡದ ಕೆಳಗೆ ಲೈಟಿನ ಮೀಟರುಗಳನ್ನು ಹಾಕಿದ, ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಆಗಿನ್ನೂ ಲೋಡ್ ಶೆಡ್ಡಿಂಗ್ ಕಾಲ, ದಿನಕ್ಕೆ ಇಂತಿಷ್ಟು ಗಂಟೆ ಕರೆಂಟು ತೆಗೆಯುತ್ತಿದ್ದರು, ಆ ಹೊತ್ತಿಗೆ ಮೀಟರಿನ ಕೆಂಪು ಚುಕ್ಕೆಗಳೂ ಆರಿದ್ದವು. ಬಾಗಿಲ ಸಂದಿಗೆ ಚಾಪೆ ತುರುಕಿ, ಒಳಗೆ ಹದಿನೆಂಟು ಮಕ್ಕಳನ್ನು ಕೂಡಿಸಿ, ಅವರ ಮೇಲೆ ಒಂದು ನನ್ನ ಕೌದಿ, ಎರಡು ಶೆಡ್ಡಿನ ಕೌದಿ ಹರಡಿ, ನಾನೂ ಒಳಗೆ ತೂರಿದೆ. ನಡುವೆ ಗಡಿಗೆ.

ಏನೂ ಕಾಣಲಿಲ್ಲ. ಒಬ್ಬ ಹುಡುಗ ಕಿಸಕ್ಕೆಂದ. ಇನ್ನೊಬ್ಬ ಮರಾಠಿಯಲ್ಲಿ ಏನೋ ಹೇಳಿದ. ನನ್ನ ಮೊಣಕೈಗೆ ತಗುಲಿಕೊಂಡಿದ್ದ ಮಾನಮ್ಮನ ತೋಳು ಬಿಗಿಯಾಯಿತು. ಕತ್ತಲೆಗೆ ಕಣ್ಣು ಹೊಂದಲು ಹೊತ್ತು ಬೇಕು ಎಂಬುದು ನನಗೆ ಗೊತ್ತಿತ್ತು, ಆ ಹೊತ್ತನ್ನು ಹುಡುಗರಿಗೆ ನಗಲು ಕೊಡಬಾರದು ಎಂಬುದೂ ಗೊತ್ತಿತ್ತು. ಮಗ್ಗಿ ಹೇಳಿ ಎಂದೆ, ಎರಡರಿಂದ. ಎರಡೊಂದ್ಲಿ ಎರಡು ಎಂದು ಶುರುವಾಯಿತು. ಕತ್ತಲೆಯಲ್ಲಿ ಹತ್ತೊಂಬತ್ತು ಜನ ಮೂರರದು, ನಾಲ್ಕರದು, ಐದರದು ಹೇಳುತ್ತ ಹೋದೆವು. ನನ್ನ ಜನ್ಮದಲ್ಲಿ ನಾನು ಅಷ್ಟು ಭಕ್ತಿಯಿಂದ ಮಗ್ಗಿ ಹೇಳಿರಲಿಲ್ಲ. ಏಳರ ಮಗ್ಗಿಗೆ ಬಂದೆವು, ಏನೂ ಇಲ್ಲ. ಎಂಟರದು ಮುಗಿಯಿತು, ಏನೂ ಇಲ್ಲ. ದೇವರೇ, ನನ್ನ ಮಾತು ಸುಳ್ಳಾದರೂ ಆಗಲಿ, ಈ ಹುಡುಗಿಯದು ಆಗದಿರಲಿ ಎಂದು ಬೇಡಿಕೊಂಡೆ.

ಒಂಬತ್ತರ ಮಗ್ಗಿಯ ನಡುವೆ ಎಲ್ಲರ ದನಿ ನಿಂತುಹೋಯಿತು. ಗಡಿಗೆಯೊಳಗೆ ಒಂದು ಬಾಗಿದ ಗೆರೆ ತೋರಿತು. ಆಮೇಲೆ ಹೊಟ್ಟೆ, ಆಮೇಲೆ ಬಾಲ. ಹಸಿರೋ ನೀಲಿಯೋ ಹೇಳಲಾಗದ, ಅಲುಗದ, ಬಿಸಿಯಿಲ್ಲದ ಬೆಳಕು. ಮಾನಮ್ಮ ಗಡಿಗೆಯಲ್ಲಿ ಬೆರಳಾಡಿಸಿದಳು, ನೀರೂ ಬೆಳಗಿತು, ಅವಳ ಬೆರಳ ತುದಿಯೂ ಬೆಳಗಿತು. ಕಿಸಕ್ಕೆಂದಿದ್ದ ಹುಡುಗ ತನ್ನ ಬೆರಳಿಗೂ ಹಚ್ಚು ಎಂದು ಕೈ ಚಾಚಿದ. ಅಷ್ಟು ವರ್ಷ ಓದಿದ್ದನ್ನು, ಹೇಳಿದ್ದನ್ನು, ಕಟ್ಟಿ ಹೇಳಿದ್ದನ್ನು, ಮೊದಲ ಸಲ ನಾನು ನೋಡುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೀಟರಿನ ಕೋಣೆಯಿಂದ ಮಗ್ಗಿ ಕೇಳಿಬಂದು ಅದು ನಡುವೆ ನಿಂತದ್ದರಿಂದ ಗಾಬರಿಯಾದ ನಮ್ಮ ಅತ್ತೆ ಇಳಿದು ಬಂದಿದ್ದರು. ಬಾಗಿಲು ಹಾಕಿರಿ ಎಂದು ಮಕ್ಕಳೆಲ್ಲ ಒಂದೇ ದನಿಯಲ್ಲಿ ಹೇಳಿದ್ದಕ್ಕೆ, ಏನೆಂದು ತಿಳಿಯದೆ ಅವರೂ ಒಳಗೆ ಬಂದು ಬಾಗಿಲು ಹಾಕಿ, ಕೌದಿಯ ಅಂಚೆತ್ತಿ ತಲೆ ಒಳಗಿಟ್ಟರು. ಮತ್ತೆ ಮೊದಲಿನಿಂದ ಮಗ್ಗಿ ಹೇಳಿದೆವು. ಬೆಳಕು ಕಾಣುತ್ತಲೂ ಅವರು ಕೈಮುಗಿದದ್ದು ಉಸಿರಿನಿಂದಲೇ ಗೊತ್ತಾಯಿತು. ಇದೇನವ್ವ ಎಂದು ಕೇಳಿದರು. ನಾನು ಸಮುದ್ರದ ಒಂದು ಪದಾರ್ಥ ಎನ್ನಲು ಬಾಯಿ ತೆರೆದಿದ್ದೆ. ಮಾನಮ್ಮ ನನಗಿಂತ ಮೊದಲೇ, ಮೀನ್ರಿ ಅಜ್ಜಿ ಎಂದಳು.

ಅತ್ತೆ ಗಡಿಗೆಯತ್ತ ಇನ್ನಷ್ಟು ಬಗ್ಗಿದರು.

“ಬೆಳಕಿಗೆಂಥಾ ಮೈಲಿಗಿ,” ಎಂದರು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ, “ನೀ ಮಾತ್ರ ತಲಿಮ್ಯಾಲ ನೀರು ಹಾಕ್ಕೊಂಡs ಒಳಗ ಬಾ. ಇಲಿ ಯಾವುದಂತ ಈಗ ತಿಳೀತು.”

ಹೊರಗೆ ಬಂದು ಕಣ್ಣು ಉಜ್ಜಿಕೊಳ್ಳುತ್ತ ನಿಂತ ಮಕ್ಕಳ ಎದುರು ನಾನು ಹೇಳಬೇಕಾದದ್ದನ್ನು ಹೇಳಿದೆ. ಮಾನಮ್ಮ ಹೇಳಿದ್ದು ಖರೆ, ತಪ್ಪಿದ್ದು ನಾನು, ಶಿಕ್ಷೆಯೂ ನನ್ನದೇ. ಅವಳ ನೋಟುಬುಕ್ಕು ಕೇಳಿದೆ. ಮೂರು ವಾರದಿಂದ ಖಾಲಿಯಿದ್ದ ಆ ಪುಟವನ್ನೇ ತೆರೆದು ಕೊಟ್ಟಳು. ಸ್ಕೂಟರಿನ ಸೀಟಿನ ಮೇಲೆ ಇಟ್ಟುಕೊಂಡು, ‘ಗೊತ್ತಿಲ್ಲದ್ದನ್ನು ಸುಳ್ಳು ಎನ್ನುವುದಿಲ್ಲ’ ಎಂದು ಹತ್ತು ಸಲ ಬರೆಯಲು ತೊಡಗಿದೆ. ಮಕ್ಕಳು ಸುತ್ತ ನಿಂತು ಒಂದು, ಎರಡು ಎಂದು ಎಣಿಸುತ್ತಿದ್ದರು. ಅಕ್ಷರ ದುಂಡಗಿರಲಿ ಎಂದು ಯಾರೋ ಎಚ್ಚರಿಸಿದರು, ಅದು ನನ್ನದೇ ಮಾತು. ಒಂಬತ್ತನೆಯದು ಮುಗಿಯುತ್ತಲೂ ಮಾನಮ್ಮ ಪುಟದ ಮೇಲೆ ಅಂಗೈ ಇಟ್ಟು ತಡೆದಳು. ಸಾಕು ಎಂದು ಕರುಣೆ ತೋರಿಸುತ್ತಿದ್ದಾಳೆ ಅಂದುಕೊಂಡು ನನ್ನ ಕಣ್ಣು ತುಂಬಿಬಂತು. ಅವಳು ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು:

“ಒಂದು ಇರ್ಲಿ ಅಕ್ಕೋರ. ಆ ಮಿಂಚುಹುಳದ ಬಾಟ್ಲಿ ಖರೇನ ಇತ್ತೇನ್ರಿ?”

ನಾನು ಗಡಿಯಾರ ನೋಡಿದೆ. ತರಗತಿಯ ಹೊತ್ತು ಮುಗಿಯಿತು ಎಂದೆ. ಗಡಿಯಾರ ನಿಂತು ಎರಡು ದಿನವಾಗಿತ್ತು. ಅವಳು ಒತ್ತಾಯ ಮಾಡಲಿಲ್ಲ. ನೋಟುಬುಕ್ಕು ಮುಚ್ಚಿ ಚೀಲದಲ್ಲಿಟ್ಟು, ಗಡಿಗೆ ಸೊಂಟಕ್ಕೇರಿಸಿ, ತೊಳೆದು ಸಾರು ಮಾಡಬೇಕಲ್ಲ, ಮನೆಗೆ ಹೋದಳು. ಮುಂದಿನ ಭಾನುವಾರದಿಂದ ತಪ್ಪದೆ ಬಂದಳು, ಹಿಂದಿನ ಸಾಲಿನಲ್ಲಿ ಕೂತು ಎಡವಿದವರನ್ನು ಎತ್ತಿ ನಿಲ್ಲಿಸಿದಳು, ಬಾಟಲಿಯ ಮಾತು ಮತ್ತೆ ಎತ್ತಲಿಲ್ಲ. ನಾನು ಮಾತ್ರ ಕೌತುಕ ಹೇಳುವಾಗಲೆಲ್ಲ, ಇದು ಕಂಡದ್ದು, ಇದು ಓದಿದ್ದು ಎಂದು ಬೇರೆ ಬೇರೆ ಮಾಡಿ ಹೇಳತೊಡಗಿದೆ. ಮೂರನೆಯ ಬಗೆಯದನ್ನು ಹೇಳಬೇಕೆನ್ನಿಸಿದರೆ ಹಿಂದಿನ ಸಾಲನ್ನು ನೋಡಿ ನುಂಗಿಕೊಳ್ಳುತ್ತಿದ್ದೆ.

ಎರಡು ವರ್ಷದಲ್ಲಿ ಹಿಂದಿನ ಕಟ್ಟಡ ಎದ್ದು ನಿಂತಿತು, ಶೆಡ್ಡುಗಳನ್ನು ಕಿತ್ತರು, ಭೀಮಮ್ಮ ಮಕ್ಕಳನ್ನು ಕಟ್ಟಿಕೊಂಡು ವಾಕಡದ ಕಡೆಯ ಹೊಸ ಕೆಲಸಕ್ಕೆ ಹೋದಳು. ನೋಟುಬುಕ್ಕು ಮಾನಮ್ಮನ ಜೊತೆ ಹೋಯಿತು, ಒಂಬತ್ತು ಸಾಲು, ಅದರ ಕೆಳಗೆ ಒಂದು ಖಾಲಿ ಗೆರೆ. ಅವಳು ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಕನ್ನಡ ತಡವರಿಸದೆ ಓದುವ ಹುಡುಗಿ, ಎಲ್ಲಾದರೂ ಇದು ಅವಳ ಕೈಗೆ ಸಿಕ್ಕರೂ ಸಿಗಬಹುದು.

ಮಾನಮ್ಮ, ಬಾಟಲಿ ಇರಲಿಲ್ಲವ್ವ. ಹುಳುವೂ ಇರಲಿಲ್ಲ. ಬಿರಡೆಗೆ ತೂತನ್ನೂ ಕೊರೆದಿರಲಿಲ್ಲ. ಹತ್ತಾಯಿತು, ಎಣಿಸಿ ನೋಡು.